ಮಿನಿ ಟ್ರ್ಯಾಕ್ಟರ್ ಜಾಹೀರಾತು ತಗೊಳ್ಳೋ ಮುಂಚೆ ನಾಲ್ಕು ಮಾತು ಕೇಳಿ ಸಾರ್

ಸಂಪಾದಕರಿಗೆ ನಮಸ್ಕಾರ,

ನಾನು ಚನ್ನಗಿರಿ ತಾಲೂಕಿನವನು ಸಾರ್. ಊರಿನ ಬಸ್ ಸ್ಟ್ಯಾಂಡ್ ಹತ್ರ ಒಂದು ಸಣ್ಣ ವರ್ಕ್‌ಶಾಪ್ ಇಟ್ಕೊಂಡಿದೀನಿ, ಪವರ್ ಟಿಲ್ಲರು, ಮಿನಿ ಟ್ರ್ಯಾಕ್ಟರು, ಸ್ಪ್ರೇಯರ್ ಪಂಪು ಎಲ್ಲ ರಿಪೇರಿ ಮಾಡ್ತೀನಿ, ವರ್ಷಕ್ಕೆ ನಾಲ್ಕೋ ಐದೋ ಹಳೇ ಮಿನಿ ಟ್ರ್ಯಾಕ್ಟರ್ ನಾನೇ ದುಡ್ಡು ಹಾಕಿ ತಗೊಂಡು ರೆಡಿ ಮಾಡಿ ಮಾರ್ತೀನಿ. ನಿಮ್ಮ ಪತ್ರಿಕೆ ದಿನಾ ಬೆಳಗ್ಗೆ ನಮ್ಮ ಅಂಗಡಿಗೆ ಬರುತ್ತೆ, ಎಲ್ಲಕ್ಕಿಂತ ಮೊದಲು ನಾನು ನೋಡೋದು ಕ್ಲಾಸಿಫೈಡ್ ಪುಟ, ಯಾಕಂದ್ರೆ ನನ್ನ ವ್ಯಾಪಾರ ಇರೋದೇ ಅಲ್ಲಿ. ಅದರಲ್ಲಿ ಬರೋ ಒಂದು ಮಾತಿನ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ. "ಮಿನಿ ಟ್ರ್ಯಾಕ್ಟರ್ ಮಾರಾಟಕ್ಕಿದೆ, ಶೋರೂಂ ಕಂಡೀಷನ್." ಮಾದರಿ ಯಾವ ವರ್ಷದ್ದು ಅಂತ ಇಲ್ಲ, ಎಷ್ಟು ಹೆಚ್‌ಪಿ ಅಂತ ಇಲ್ಲ, ಆರ್‌ಸಿ ಯಾರ ಹೆಸರಲ್ಲಿದೆ ಅಂತ ಇಲ್ಲ, ಒಂದು ಫೋನ್ ನಂಬರ್ ಮಾತ್ರ. ಆ ನಂಬರಿಗೆ ಫೋನ್ ಮಾಡ್ಕೊಂಡು ಹೋಗಿ, ಹೊಳೆಯೋ ಬಣ್ಣ ನೋಡಿ ಗಾಡಿ ತಂದು, ತಿಂಗಳೊಳಗೆ ನನ್ನ ಅಂಗಡಿ ಮುಂದೆ ತಳ್ಕೊಂಡು ಬರೋ ರೈತರನ್ನ ನಾನು ಪ್ರತಿ ವರ್ಷ ನೋಡ್ತಿದೀನಿ.

ನಮ್ಮ ಕಡೆ ಮಿನಿ ಟ್ರ್ಯಾಕ್ಟರ್‌ಗೆ ಯಾಕಿಷ್ಟು ಬೇಡಿಕೆ ಅನ್ನೋದು ಬೇರೆ ಕಡೆಯ ಓದುಗರಿಗೆ ಗೊತ್ತಿರಲ್ಲ. ಅಡಿಕೆ ಗಿಡ ನಾವು ಹಾಕೋದು ಒಂಬತ್ತು ಅಡಿಗೆ ಒಂಬತ್ತು ಅಡಿ. ಆ ಸಾಲಲ್ಲಿ ದೊಡ್ಡ ಟ್ರ್ಯಾಕ್ಟರ್ ಬಿಟ್ರೆ ಬುಡಕ್ಕೆ ತಾಗುತ್ತೆ, ಡ್ರಿಪ್ ಪೈಪ್ ಹರಿಯುತ್ತೆ, ತಿರುಗಿಸೋಕೆ ಜಾಗ ಇಲ್ಲ. ಭದ್ರಾ ನಾಲೆ ಬಯಲಲ್ಲಿ ಗದ್ದೆ ಇದ್ದಿದ್ದೆಲ್ಲ ಒಂದೊಂದೇ ತೋಟ ಆಗ್ತಾ ಬಂತು, ಅದರ ಜೊತೆಗೇ ಈ ಹದಿನೈದು ಇಪ್ಪತ್ತು ಹೆಚ್‌ಪಿ ಗಾಡಿಗಳೂ ಬಂದ್ವು. ಮಣ್ಣು ಪುಡಿ ಮಾಡೋ ರೋಟವೇಟರ್ ಹೊಡೆಯೋಕೆ, ಗೊಬ್ಬರ ಸಾಗಿಸೋಕೆ, ಔಷಧಿ ಹೊಡೆಯೋಕೆ, ಕೊಯ್ದ ಗೊನೆ ಕಣಕ್ಕೆ ತರೋಕೆ ಎಲ್ಲಕ್ಕೂ ಅದೇ. ಹೊಸದು ತಗೋಬೇಕು ಅಂದ್ರೆ ರೋಟವೇಟರ್ ಸೇರಿ ಸಣ್ಣ ರೈತನ ಕೈಗೆ ಎಟುಕಲ್ಲ. ಸಬ್ಸಿಡಿ ಇದೆ ನಿಜ, ಆದ್ರೆ ಅದು ಹೊಸ ಗಾಡಿಗೆ ಮಾತ್ರ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತೆ, ಆದ್ರೆ ಒಂದು ಹದ ಮಳೆ ಬಿತ್ತು ಅಂದ್ರೆ ಎಲ್ಲರಿಗೂ ಅದೇ ವಾರ ಬೇಕು. ಎರಡೆಕರೆ ತೋಟದವನು ಚೇಣಿ (ತೋಟದ ಫಸಲು ಗುತ್ತಿಗೆ ಕೊಟ್ಟ) ದುಡ್ಡು ಬಂದಾಗ ಒಂದೂವರೆ ಎರಡು ಲಕ್ಷ ಎತ್ತಿಟ್ಟು ಸೆಕೆಂಡ್ ಹ್ಯಾಂಡ್ ಹುಡುಕೋದು ಅದಕ್ಕೇ. ಅವನಿಗೆ ಅದು ಸಣ್ಣ ದುಡ್ಡಲ್ಲ ಸಾರ್, ಒಂದು ವರ್ಷದ ಫಸಲು.

ಹಳೇ ಗಾಡಿ ರಿಪೇರಿ ಮಾಡಿ ಮಾರೋದು ತಪ್ಪು ಅಂತ ನಾನು ಹೇಳ್ತಿಲ್ಲ, ನನ್ನ ಹೊಟ್ಟೆಪಾಡೇ ಅದು. ಸರಿಯಾಗಿ ರೆಡಿ ಮಾಡಿದ್ರೆ ಹದಿನೈದು ವರ್ಷದ ಮಿನಿ ಟ್ರ್ಯಾಕ್ಟರ್ ಇನ್ನೂ ಹತ್ತು ವರ್ಷ ತೋಟದಲ್ಲಿ ಆರಾಮಾಗಿ ದುಡಿಯುತ್ತೆ. ನಾನು ಹೇಳ್ತಿರೋದು ರೆಡಿ ಮಾಡೋದಕ್ಕೂ ಬಣ್ಣ ಬಳಿಯೋದಕ್ಕೂ ಇರೋ ವ್ಯತ್ಯಾಸ ತಗೊಳ್ಳೋನಿಗೆ ಕಾಣಬೇಕು ಅಂತ. ಅದು ಹೇಗಿರುತ್ತೆ ಅಂತ ಒಂದೇ ಗಾಡಿ ಇಟ್ಕೊಂಡು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

2025ರ ಏಪ್ರಿಲ್‌ನಲ್ಲಿ ಒಂದು ಮಿತ್ಸುಬಿಷಿ ಶಕ್ತಿ ಮಿನಿ ಟ್ರ್ಯಾಕ್ಟರ್ ತಗೊಂಡೆ, 2011ರ ಮಾದರಿ, ಹದಿನೆಂಟೂವರೆ ಹೆಚ್‌ಪಿ, ಮೂರು ಸಿಲಿಂಡರ್. ಯಜಮಾನ್ರು ವಯಸ್ಸಾದವರು, ಮಗ ಬೆಂಗಳೂರಲ್ಲಿ, ಗಾಡಿ ಕಣದ ಪಕ್ಕ ಸೋಗೆ ಹೊದ್ದಿಸಿದ ಶೆಡ್ಡಲ್ಲಿ ಮೂರು ವರ್ಷ ನಿಂತಿತ್ತು. "ಬ್ಯಾಟರಿ ಒಂದು ಹಾಕಪ್ಪಾ, ಸ್ಟಾರ್ಟ್ ಆಗುತ್ತೆ" ಅಂದ್ರು. ಇಂಜಿನ್ ಓಡಿದ ಗಂಟೆ ತೋರಿಸೋ ಮೀಟರಲ್ಲಿ 1,140 ಗಂಟೆ. ಆದ್ರೆ ಕ್ಲಚ್ ಪೆಡಲ್ ನೋಡಿದ್ರೆ ರಬ್ಬರ್ ಹೋಗಿ, ಕೆಳಗಿನ ಕಬ್ಬಿಣದ ಗೀರು ಕೂಡ ಸವೆದು ಕನ್ನಡಿ ಥರ ಆಗಿತ್ತು, ಎಡಗಾಲಿನ ಹೆಬ್ಬೆರಳು ಊರೋ ಜಾಗದಲ್ಲಿ ಒಂದು ಹಳ್ಳ. ಸಾವಿರದ ನೂರು ಗಂಟೆಗೆ ಪೆಡಲ್ ಹಾಗೆ ಸವೆಯಲ್ಲ. ಮೀಟರ್ ಕೇಬಲ್ ತುಂಡಾಗಿ ಎಷ್ಟು ವರ್ಷ ಆಗಿತ್ತೋ. ಯಜಮಾನ್ರು ಮೋಸದವರಲ್ಲ, ಅವರಿಗೇ ಅದು ಗೊತ್ತಿರಲಿಲ್ಲ. ಅದಕ್ಕೇ ನಾನು ಯಾರೇ ಕೇಳಿದ್ರೂ ಹೇಳೋದು, ಮೀಟರ್ ನೋಡಬೇಡಿ, ಪೆಡಲ್ ನೋಡಿ, ಗೇರ್ ಲಿವರ್ ಗುಂಡು ನೋಡಿ, ಸ್ಟೇರಿಂಗ್ ಎಷ್ಟು ಲೂಸ್ ಇದೆ ಆಡಿಸಿ ನೋಡಿ ಅಂತ.

ಮೂರು ವರ್ಷ ನಿಂತ ಇಂಜಿನ್‌ಗೆ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದ್ರೆ ಏನಾಗುತ್ತೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪಿಸ್ಟನ್ ರಿಂಗು ಸಿಲಿಂಡರ್ ಒಳಗಿನ ಲೈನರ್‌ಗೆ ಅಂಟಿಕೊಂಡಿರುತ್ತೆ, ಜೋರಾಗಿ ತಿರುಗಿಸಿದ್ರೆ ಮುರಿಯುತ್ತೆ, ಇಲ್ಲಾ ಲೈನರ್ ಗೀರುತ್ತೆ. ನಾನು ಡೀಸೆಲ್ ಚಿಮ್ಮಿಸೋ ನಾಝಲ್ ಬಿಚ್ಚಿ ಮೂರೂ ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಬಿಟ್ಟೆ. ಬೆಳಗ್ಗೆ ಕ್ರಾಂಕ್ ಪುಲ್ಲಿ ನಟ್ಟಿಗೆ ಸ್ಪಾನರ್ ಕೊಟ್ಟು ಕೈಯಲ್ಲೇ ತಿರುಗಿಸಿದೆ, ಮೊದಲು ಜಗ್ಗಲಿಲ್ಲ, ಆಮೇಲೆ ನಿಧಾನಕ್ಕೆ ಒಂದು ಸುತ್ತು ಬಂತು, ಎರಡು ಬಂತು. ಟ್ಯಾಂಕಿನ ಹಳೇ ಡೀಸೆಲ್ ಇಳಿಸಿದ್ರೆ ತಳದಲ್ಲಿ ಕರೀ ಜಿಡ್ಡು, ಅದು ಪಂಪಿಗೆ ಹೋಗಿದ್ರೆ ಪಂಪೂ ಹೋಗ್ತಿತ್ತು ನಾಝಲ್ಲೂ ಹೋಗ್ತಿತ್ತು. ಏರ್ ಕ್ಲೀನರ್ ಬಿಚ್ಚಿದ್ರೆ ಇಲಿ ಅಡಿಕೆ ನಾರು ತಂದು ಗೂಡು ಕಟ್ಟಿತ್ತು, ವೈರಿಂಗ್ ಅರ್ಧ ಅದೇ ತಿಂದಿತ್ತು. ಹೀಟರ್ ಪ್ಲಗ್ ಮೂರರಲ್ಲಿ ಎರಡು ಸತ್ತಿದ್ವು. ಇದೆಲ್ಲ ಆದ್ಮೇಲೆ ಹೊಸ ಡೀಸೆಲ್ ಹಾಕಿ, ಏರ್ ತೆಗೆದು, ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯ್ತು. ಆ ಶಬ್ದ ಕೇಳಿದಾಗ ಇವತ್ತಿಗೂ ನನಗೆ ಖುಷಿ ಆಗುತ್ತೆ, ಅದನ್ನ ಹೇಳೋಕೆ ನಾಚಿಕೆ ಇಲ್ಲ.

ಸ್ಟಾರ್ಟ್ ಆಯ್ತು ಅಂದ್ರೆ ಮುಗೀತು ಅಂತ ಅಲ್ಲ. ಬರೀ ಬಣ್ಣ ಬಳಿದು ಮಾರೋ ಬಣ್ಣದವರು ನಿಲ್ಲಿಸೋದೇ ಅಲ್ಲಿ. ಗಾಡಿ ಸ್ಟಾರ್ಟ್ ಆಗುತ್ತೆ, ಹೊಗೆ ಕಮ್ಮಿ ಇದೆ, ಟಯರ್ ಕಪ್ಪಗೆ ಮಾಡಿದಾರೆ, ಸ್ಟಿಕ್ಕರ್ ಹೊಸದು, ಸೀಟ್ ಕವರ್ ಹೊಸದು, ಮುಗೀತು. ಕೆಟ್ಟಿರೋದೆಲ್ಲ ಕಣ್ಣಿಗೆ ಕಾಣದ ಕಡೆ ಇರುತ್ತೆ.

ಒಂದು ಉದಾಹರಣೆ ಹೇಳ್ತೀನಿ. ನಮ್ಮ ಕಡೆ ಮಾರೋರೆಲ್ಲ ಹೇಳೋದು "ತೋಟದಲ್ಲೇ ಓಡಿದ ಗಾಡಿ, ಗದ್ದೆಗೆ ಇಳಿದಿಲ್ಲ" ಅಂತ. ಯಾಕಂದ್ರೆ ಗದ್ದೆಗೆ ಇಳಿದು ಕೆಸರು ಹೊಡೆದ ಗಾಡಿಯ ಮುಂದಿನ ಆಕ್ಸಲ್‌ಗೆ ಸೀಲ್ ದಾಟಿ ನೀರು ಹೋಗಿರುತ್ತೆ, ಒಳಗಿನ ಗೇರು ಬೇರಿಂಗು ತುಕ್ಕು ಹಿಡಿದಿರುತ್ತೆ. ಇದನ್ನ ಪತ್ತೆ ಮಾಡೋಕೆ ದೊಡ್ಡ ಮೆಕಾನಿಕ್ ಬೇಕಾಗಿಲ್ಲ. ಗಾಡಿ ರಾತ್ರಿಯೆಲ್ಲ ನಿಂತಿರಬೇಕು, ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಮುಂದಿನ ಆಕ್ಸಲ್‌ನ ಡ್ರೈನ್ ಬೋಲ್ಟ್ ಎರಡು ಸುತ್ತು ಸಡಿಲ ಮಾಡಿ ಕೆಳಗೆ ಒಂದು ಸ್ಟೀಲ್ ಲೋಟ ಹಿಡೀರಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಕೂತಿರುತ್ತೆ, ಮೊದಲು ಅದೇ ಬರುತ್ತೆ. ನನ್ನ ಈ ಗಾಡಿಯಲ್ಲಿ ಮೊದಲು ಕಾಲು ಲೋಟ ಮಣ್ಣು ಬಣ್ಣದ ನೀರು ಬಂತು, ಆಮೇಲೆ ಹಾಲು ಹಾಕಿದ ಕಾಫಿ ಥರದ್ದು ಬಂತು, ಆಯಿಲ್ ಬರಲೇ ಇಲ್ಲ. ಎಡಗಡೆ ಬೇರಿಂಗ್ ಕೈಯಲ್ಲಿ ತಿರುಗಿಸಿದ್ರೆ ಮರಳು ಅರೆದ ಹಾಗೆ ಶಬ್ದ. ಹೊರಗಿಂದ ನೋಡಿದ್ರೆ ಒಂದು ಹನಿ ಲೀಕ್ ಇರಲಿಲ್ಲ ಸಾರ್. ಎರಡೂ ಕಡೆ ಸೀಲು, ಬೇರಿಂಗು ಬದಲಾಯಿಸಿದೆ, ಒಂದು ಬೇರಿಂಗ್ ದಾವಣಗೆರೆ ಶಿವಮೊಗ್ಗ ಎಲ್ಲೂ ಸಿಗದೆ ಬೆಂಗಳೂರಿನ ಜೆಸಿ ರಸ್ತೆಯಿಂದ ತರಿಸಬೇಕಾಯ್ತು, ಅದಕ್ಕೇ ಎಂಟು ದಿನ ಹೋಯ್ತು.

ಆಮೇಲೆ ಹೈಡ್ರಾಲಿಕ್, ಅಂದ್ರೆ ಹಿಂದಿನ ಸಲಕರಣೆ ಎತ್ತಿ ಇಳಿಸೋ ಭಾಗ. ರೋಟವೇಟರ್ ಹಾಕಿ ಪೂರ್ತಿ ಎತ್ತಿ ಇಂಜಿನ್ ಆಫ್ ಮಾಡಿ, ಹಿಂದಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಟೀ ಕುಡಿದು ಬರೋಷ್ಟರಲ್ಲಿ ಅರ್ಧ ಅಡಿ ಇಳಿದಿತ್ತು. ಒಳಗೆ ಸೀಲ್ ಹೋಗಿದೆ ಅಂತ ಅರ್ಥ. ಬಿಚ್ಚಿ ಸೀಲ್ ಹಾಕಿದ್ರೆ ಸರಿ ಹೋಗುತ್ತೆ, ದೊಡ್ಡ ಖರ್ಚೂ ಅಲ್ಲ, ಆದ್ರೆ ಬಿಚ್ಚೋನು ಬೇಕು. ತಗೊಳ್ಳೋಕೆ ಹೋದವರು ಇದನ್ನ ಅಲ್ಲೇ ನಿಂತು ನೋಡಬಹುದು, ಮಾರೋನು ಇಂಜಿನ್ ಆಫ್ ಮಾಡೋಕೆ ಬಿಡದೆ ಎತ್ತೋದು ಇಳಿಸೋದು ಮಾತ್ರ ತೋರಿಸ್ತಿದಾನೆ ಅಂದ್ರೆ ಅಲ್ಲೇ ಅನುಮಾನ ಪಡಿ. ರೇಡಿಯೇಟರ್, ಕ್ಲಚ್ ಪ್ಲೇಟ್, ಫ್ಯಾನ್ ಬೆಲ್ಟ್ ಇವೆಲ್ಲ ಮಾಮೂಲಿ ಕೆಲಸ, ಅದರ ಬಗ್ಗೆ ಬರೆಯೋಕೆ ಹೋಗಲ್ಲ.

ಈಗ ಬ್ರೇಕ್ ವಿಷಯ. ಈ ಪತ್ರ ಬರೆಯೋಕೆ ನಿಜವಾದ ಕಾರಣ ಇದು.

ಟ್ರ್ಯಾಕ್ಟರ್‌ಗೆ ಬ್ರೇಕ್ ಪೆಡಲ್ ಎರಡು, ಎಡ ಚಕ್ರಕ್ಕೊಂದು ಬಲ ಚಕ್ರಕ್ಕೊಂದು. ತೋಟದಲ್ಲಿ ಸಾಲಿನ ಕೊನೆಗೆ ಬಂದಾಗ ಒಂದೇ ಕಡೆ ಬ್ರೇಕ್ ಒತ್ತಿದ್ರೆ ಗಾಡಿ ನಿಂತಲ್ಲೇ ತಿರುಗುತ್ತೆ, ಅದಕ್ಕೆ ಹಾಗೆ ಇರೋದು. ಆದ್ರೆ ರಸ್ತೆಗೆ ಬಂದಾಗ ಎರಡೂ ಪೆಡಲ್ ಸೇರಿಸೋಕೆ ಒಂದು ಕೊಂಡಿ ಇರುತ್ತೆ, ಅದನ್ನ ಹಾಕಲೇಬೇಕು. ಇಲ್ಲಾಂದ್ರೆ ಅವಸರದಲ್ಲಿ ಕಾಲು ಒಂದೇ ಪೆಡಲ್ ಮೇಲೆ ಬಿದ್ದು ಗಾಡಿ ಗಕ್ಕಂತ ಒಂದು ಕಡೆಗೆ ಎಳೆದು ಹೋಗುತ್ತೆ. ಈ ಕೊಂಡಿ ಹಳೇ ಗಾಡಿಗಳಲ್ಲಿ ಹತ್ತಕ್ಕೆ ಏಳರಲ್ಲಿ ಇರಲ್ಲ, ಇದು ನನ್ನ ಅಂಗಡಿಗೆ ಬಂದಿರೋ ಗಾಡಿಗಳ ಲೆಕ್ಕ. ಈ ಶಕ್ತಿಯಲ್ಲೂ ಇರಲಿಲ್ಲ, ಆ ತೂತಿನಲ್ಲಿ ಬೈಂಡಿಂಗ್ ವೈರ್ ಸುತ್ತಿದ್ರು. ಲೇತ್‌ನಲ್ಲಿ ಹೊಸದು ಮಾಡಿಸಿದೆ, 250 ರೂಪಾಯಿ.

2016ರಲ್ಲಿ ನಾನು ಈ ವ್ಯಾಪಾರಕ್ಕೆ ಹೊಸಬ. ಆಗ ಮಾರಿದ ಎರಡನೇ ಗಾಡಿಯಲ್ಲಿ ಕೊಂಡಿ ಇರಲಿಲ್ಲ. ನನಗೆ ಗೊತ್ತಿತ್ತು. ತೋಟದೊಳಗೆ ಓಡಿಸೋ ಗಾಡಿ ತಾನೇ, ಕೊಂಡಿ ಯಾಕೆ ಅಂತ ಬಿಟ್ಟೆ, ಬಣ್ಣ ಮಾತ್ರ ಚೆನ್ನಾಗಿ ಹೊಡೆಸಿದ್ದೆ. ತಗೊಂಡವರು ಪಕ್ಕದ ಹಳ್ಳಿಯವರು, ಅರವತ್ತು ದಾಟಿದವರು, ಊರೆಲ್ಲ ಅವರನ್ನ ಅಜ್ಜ ಅಂತಲೇ ಕರೆಯೋದು. ಮೂರು ತಿಂಗಳಿಗೆ ಒಂದು ಸಂಜೆ ಟ್ರೇಲರ್ ತುಂಬ ಸಿಪ್ಪೆ ಗೊಬ್ಬರ ಹೇರ್ಕೊಂಡು ನಾಲೆ ಏರಿ ಇಳೀತಾ ಇದ್ರು, ಎದುರಿಗೆ ಬೈಕ್ ಬಂತು, ಬ್ರೇಕ್ ಒತ್ತಿದ್ರು. ಬಲಗಡೆ ಪೆಡಲ್ ಮಾತ್ರ ಸಿಕ್ತು. ಗಾಡಿ ಬಲಕ್ಕೆ ತಿರುಗ್ತು, ಹಿಂದಿಂದ ಲೋಡ್ ತಳ್ಳಿತು, ಪಲ್ಟಿ. ಅಜ್ಜ ಆಚೆಗೆ ಎಗರಿ ಬಿದ್ದಿದ್ದಕ್ಕೆ ಜೀವ ಉಳೀತು, ಭುಜದ ಮೂಳೆ ಮುರೀತು, ಪಕ್ಕೆಲುಬು ಎರಡು ಹೋಯ್ತು. ನಾನು ಆಸ್ಪತ್ರೆಗೆ ಹೋದಾಗ ಅವರು ಮಲಗಿದ್ದಲ್ಲಿಂದಲೇ ನನಗೇ ಸಮಾಧಾನ ಹೇಳಿದ್ರು, "ನೀನೇನು ಮಾಡ್ತೀಯ ತಮ್ಮಾ, ನನ್ನ ಹಣೆಬರಹ" ಅಂತ. ಅವರಿಗೆ ಕೊಂಡಿ ಅಂತ ಒಂದು ಇರುತ್ತೆ ಅನ್ನೋದೇ ಗೊತ್ತಿರಲಿಲ್ಲ ಸಾರ್. ನನಗೆ ಗೊತ್ತಿತ್ತು. ಆ ದಿನ ಅಲ್ಲಿ ಬಾಯಿ ಬಿಡೋಕೆ ಆಗಲಿಲ್ಲ, ಒಂದು ವಾರ ಆದ್ಮೇಲೆ ಹೋಗಿ ಹೇಳ್ದೆ, ಆಸ್ಪತ್ರೆ ಖರ್ಚಲ್ಲಿ ನನ್ನ ಕೈಲಾದಷ್ಟು ಕೊಟ್ಟೆ. ಅಜ್ಜ ಏನೂ ಅನ್ನಲಿಲ್ಲ, ಅವರ ಮಗ ಮಾತ್ರ ಇವತ್ತಿಗೂ ನನ್ನ ಅಂಗಡಿಗೆ ಬರಲ್ಲ. ಬರದೇ ಇರೋದು ಸರಿಯಾಗೇ ಇದೆ.

ಅವತ್ತಿಂದ ನಾನು ಮಾರೋ ಪ್ರತಿ ಗಾಡಿ ಜೊತೆ ಒಂದು ಹಾಳೆ ಬರೆದು ಕೊಡ್ತೀನಿ. ಮೇಲ್ಗಡೆ ಇಂಜಿನ್ ನಂಬರ್, ಚಾಸಿ ನಂಬರ್. ಒಂದು ಕಡೆ ನಾನು ಬಿಚ್ಚಿ ನೋಡಿದ್ದು ಏನು, ಬದಲಾಯಿಸಿದ್ದು ಏನು, ಹೊಸ ಪಾರ್ಟ್ ಹಾಕಿದ್ನಾ ಹಳೇದನ್ನೇ ರಿಪೇರಿ ಮಾಡಿದ್ನಾ. ಇನ್ನೊಂದು ಕಡೆ ನಾನು ಬಿಚ್ಚದೇ ಇರೋದು ಏನು. ಈ ಎರಡನೇದೇ ಮುಖ್ಯ. ಈ ಶಕ್ತಿಗೆ ಬರೆದದ್ದು ಹೀಗಿತ್ತು: ಗೇರ್ ಬಾಕ್ಸ್ ಬಿಚ್ಚಿಲ್ಲ, ಆಯಿಲ್ ಮಾತ್ರ ಬದಲಾಯಿಸಿದೆ, ಶಬ್ದ ಇಲ್ಲ ಆದ್ರೆ ಒಳಗೆ ಹೇಗಿದೆ ನೋಡಿಲ್ಲ. ಗಂಟೆ ಮೀಟರ್ ಕೇಬಲ್ ಹೊಸದು ಹಾಕಿದೆ, ಅದರ ಮುಂಚಿನ ಗಂಟೆ ನಂಬಬೇಡಿ. ಮುಂದಿನ ಟಯರ್ ಹಳೇದು, ಪಕ್ಕದಲ್ಲಿ ಸಣ್ಣ ಬಿರುಕಿದೆ. ಆರ್‌ಸಿ 2026ಕ್ಕೆ 15 ವರ್ಷ ಮುಗಿಯುತ್ತೆ, ರಿನ್ಯೂ ಮಾಡಿಸಬೇಕು.

ಹಾಳೆ ನೋಡಿದ ತಕ್ಷಣ ತಗೊಳ್ಳೋಕೆ ಬಂದವರು "ಗೇರ್ ಬಾಕ್ಸ್ ಬಿಚ್ಚಿಲ್ಲ ಅಂದ್ಮೇಲೆ ಐದು ಸಾವಿರ ಕಮ್ಮಿ ಮಾಡ್ಕೊಳ್ಳಣ್ಣ" ಅಂದ್ರು, ಮಾಡ್ಕೊಂಡೆ. ನನ್ನ ಜೊತೆ ಈ ವ್ಯಾಪಾರ ಮಾಡೋರು ಹೇಳೋದು ಇದನ್ನೇ, ಹಾಗೆಲ್ಲ ಬರೆದು ಕೊಟ್ರೆ ಕೈ ಕಚ್ಚುತ್ತೆ, ಯಾರು ತಗೋತಾರೆ ಅಂತ. ಲೆಕ್ಕ ಮುಚ್ಚುಮರೆ ಇಲ್ಲದೆ ಹೇಳಿಬಿಡ್ತೀನಿ. ಗಾಡಿಗೆ ಕೊಟ್ಟಿದ್ದು 1,28,000. ಹಿಂದಿನ ಎರಡು 8-18 ಟಯರ್‌ಗೆ 17,000 ಹೋಯ್ತು, ಕ್ಲಚ್, ಪಂಪು ನಾಝಲ್, ಸೀಲು ಬೇರಿಂಗು, ಬ್ಯಾಟರಿ, ವೈರಿಂಗು, ಆಯಿಲು, ಬಣ್ಣ, ಆರ್‌ಟಿಓ ಎಲ್ಲ ಸೇರಿ ಇನ್ನೊಂದು ಐವತ್ತು ಸಾವಿರ. ಒಟ್ಟು 1,95,000. ಮಾರಿದ್ದು 2,25,000ಕ್ಕೆ. ನಾನೂ ಒಬ್ಬ ಹುಡುಗನೂ ಐದು ವಾರ ದುಡಿದದ್ದಕ್ಕೆ ಮೂವತ್ತು ಸಾವಿರ. ಬಣ್ಣದವನು ಹದಿನೈದು ಸಾವಿರ ಖರ್ಚು ಮಾಡಿ ಹತ್ತು ದಿನದಲ್ಲಿ ಅದೇ ಗಾಡಿನ 2,10,000ಕ್ಕೆ ಕೊಡ್ತಾನೆ. ತಗೊಳ್ಳೋನಿಗೆ ಎರಡೂ ಗಾಡಿ ಒಂದೇ ಥರ ಕಾಣುತ್ತೆ, ಕಮ್ಮಿಗೆ ಸಿಕ್ಕಿದ್ದನ್ನ ತಗೋತಾನೆ, ಅವನದ್ದೇನು ತಪ್ಪು? ಒಳ್ಳೇ ಕೆಲಸ ಮಾಡೋನು ಅದಕ್ಕೇ ಒಬ್ಬೊಬ್ಬನೇ ಬಣ್ಣದ ಕಡೆ ವಾಲ್ತಿದಾನೆ. ನನಗೆ ಭಯ ಇರೋದು ಅದು.

ಬಣ್ಣದ ಮೇಲೆ ನನಗೆ ದ್ವೇಷ ಇಲ್ಲ, ನಾನೂ ಹೊಡೆಸ್ತೀನಿ, ಬಣ್ಣ ಇಲ್ಲದಿದ್ರೆ ತುಕ್ಕು ತಿನ್ನುತ್ತೆ. ಆದ್ರೆ ಅದು ಕೊನೇ ಕೆಲಸ ಆಗಬೇಕು. ಎಣ್ಣೆ ಜಿಡ್ಡಿನ ಮೇಲೇ ಹೊಡೆದಿದ್ದು ಉಗುರಲ್ಲಿ ಕೆರೆದ್ರೆ ಸಿಪ್ಪೆ ಥರ ಏಳುತ್ತೆ, ಇಂಜಿನ್ ಮತ್ತು ಗೇರ್ ಬಾಕ್ಸ್ ಸೇರೋ ಜಾಗದಲ್ಲಿ, ಆಕ್ಸಲ್ ತುದಿಯಲ್ಲಿ ಕೆರೆದು ನೋಡಿ, ಅಲ್ಲಿ ಎದ್ರೆ ಕೆಳಗೆ ಲೀಕ್ ಇದೆ. ಗ್ರೀಸ್ ನಿಪ್ಪಲ್ ಬಾಯಿಗೇ ಬಣ್ಣ ಕಟ್ಟಿದ್ರೆ ಅದಕ್ಕೆ ಗ್ರೀಸ್ ಹೊಡೆದೇ ಇಲ್ಲ ಅಂತ. ಕೆಲವರು ಚಾಸಿ ನಂಬರ್ ಮೇಲೂ ದಪ್ಪಕ್ಕೆ ಬಳಿದಿರ್ತಾರೆ, ಆಮೇಲೆ ಆರ್‌ಟಿಓಗೆ ಅಂತ ಆ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯೋಕೆ ಹೋದ್ರೆ ಅಕ್ಷರವೇ ಬರಲ್ಲ.

ಇನ್ನೊಂದು ಬಿಡಬಾರದ ಮಾತು ಪಿಟಿಓ ಶಾಫ್ಟಿನ, ಅಂದ್ರೆ ಇಂಜಿನ್ ಬಲವನ್ನ ಹಿಂದಿನ ರೋಟವೇಟರ್‌ಗೆ ಕೊಡೋ ಶಾಫ್ಟಿನ ಕವರ್. ರೋಟವೇಟರ್ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತೆ, ಅಂದ್ರೆ ಸೆಕೆಂಡಿಗೆ ಒಂಬತ್ತು ಸುತ್ತು. ನಮ್ಮವರು ತೋಟಕ್ಕೆ ಹೋಗೋದು ಲುಂಗಿಯಲ್ಲಿ, ಹೆಗಲ ಮೇಲೊಂದು ಟವೆಲ್. ಲುಂಗಿ ತುದಿ ಸಿಕ್ತು ಅಂದ್ರೆ ಬಿಡಿಸ್ಕೊಳ್ಳೋಕೆ ಟೈಮ್ ಇರಲ್ಲ. ಹೊಸ ಗಾಡಿಗೆ ಕಂಪನಿಯವರು ಕವರ್ ಕೊಟ್ಟೇ ಕೊಡ್ತಾರೆ, ಒಡೆದು ಹೋಗುತ್ತೆ, ಮಾರೋ ಟೈಮಲ್ಲಿ ಹಳೇದು ಚೆನ್ನಾಗಿ ಕಾಣಲ್ಲ ಅಂತ ಕಿತ್ತು ಗುಜರಿಗೆ ಹಾಕ್ತಾರೆ. ಅದೇ ಥರ ಕ್ಲಚ್ ಒತ್ತಿದ್ರೆ ಮಾತ್ರ ಸೆಲ್ಫ್ ಹೊಡೆಯೋ ಸ್ವಿಚ್ ಕೆಟ್ಟಿದ್ರೆ ಅದನ್ನ ಡೈರೆಕ್ಟ್ ಕೊಟ್ಟುಬಿಡ್ತಾರೆ, ಗೇರಲ್ಲಿರೋ ಗಾಡಿಗೆ ಕೆಳಗೆ ನಿಂತು ಕೀ ತಿರುಗಿಸಿದ್ರೆ ಮೈಮೇಲೆ ಬರುತ್ತೆ. ಈ ಕೊಂಡಿ, ಈ ಕವರ್, ಈ ಸ್ವಿಚ್, ಮೂರೂ ಇಲ್ಲದೆ ಗಾಡಿ ಮಾರೋದನ್ನ ನಾನಂತೂ ವ್ಯಾಪಾರ ಅಂತ ಒಪ್ಪಲ್ಲ.

ಕಾಗದ ಪತ್ರದ ವಿಷಯಕ್ಕೆ ಬಂದ್ರೆ ಅಲ್ಲಿ ಮಾರೋ ರೈತನೂ ಸಿಕ್ಕಿ ಬೀಳ್ತಾನೆ. ನಮ್ಮಲ್ಲಿ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಗಾಡಿ ಜೊತೆ ಕೊಟ್ಟು ಕೈ ತೊಳ್ಕೊಳ್ಳೋದು ರೂಢಿ. ಗಾಡಿ ಒಬ್ಬನಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ಹೋಗ್ತಿರುತ್ತೆ, ಆರ್‌ಸಿಯಲ್ಲಿ ಹೆಸರು ಮಾತ್ರ ಮೊದಲನೆಯವನದೇ. 1988ರ ಮೋಟಾರು ವಾಹನ ಕಾಯ್ದೆ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ತಗೊಂಡವನು 30 ದಿನದೊಳಗೆ ಹೆಸರು ಬದಲಾಯಿಸ್ಕೋಬೇಕು. ಮಾಡಿಸದಿದ್ರೆ ಏನಾಗುತ್ತೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಗಾಡಿ ಎಷ್ಟು ಕೈ ಬದಲಾಗಿದ್ರೂ ಅಪಘಾತ ಆದಾಗ ಪರಿಹಾರಕ್ಕೆ ಜವಾಬ್ದಾರಿ ಆರ್‌ಸಿಯಲ್ಲಿ ಹೆಸರಿರೋನದ್ದೇ ಅಂತ. ಮನೇಲಿ ಕೂತಿರೋ ಯಜಮಾನ್ರಿಗೆ, ಹತ್ತು ವರ್ಷದ ಹಿಂದೆ ಮಾರಿದ ಗಾಡಿಗೆ ಕೋರ್ಟ್ ನೋಟಿಸ್ ಬಂದ್ರೆ ಹೇಗಿರುತ್ತೆ ಯೋಚನೆ ಮಾಡಿ. ಟ್ರೇಲರ್‌ಗೆ ಬೇರೆ ನಂಬರ್ ಬೇರೆ ಆರ್‌ಸಿ ಇರುತ್ತೆ, ಅದನ್ನಂತೂ ಯಾರೂ ಕೇಳೋದೇ ಇಲ್ಲ. ಸಾಲ ಇದ್ದ ಗಾಡಿ ಆದ್ರೆ ಸಾಲ ತೀರಿಸಿದ್ರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿರಲ್ಲ, ಫಾರಂ 35 ತಂದು ತೆಗೆಸಬೇಕು. ಕೃಷಿ ಟ್ರ್ಯಾಕ್ಟರ್ ನಾನ್ ಟ್ರಾನ್ಸ್‌ಪೋರ್ಟ್ ಲೆಕ್ಕಕ್ಕೆ ಬರೋದ್ರಿಂದ ಆರ್‌ಸಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂ, ಇದನ್ನೂ ಲೆಕ್ಕಕ್ಕೆ ಹಿಡೀಬೇಕು.

ಒಂದು ಒಳ್ಳೇದೂ ಆಗಿದೆ, ಅದನ್ನೂ ಹೇಳಬೇಕು. ನಾನು ಆ ಟಯರ್ ತಗೊಂಡಾಗ ಜಿಎಸ್‌ಟಿ 18 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟಯರ್ರು, ಹಲವು ಬಿಡಿಭಾಗ 5 ಪರ್ಸೆಂಟಿಗೆ ಇಳಿದಿದೆ. ಹಾಗಾಗಿ ಒರಿಜಿನಲ್ ಪಾರ್ಟ್ ಹಾಕಿದ್ರೆ ಗಿಟ್ಟಲ್ಲ ಅನ್ನೋ ಮಾತಿಗೆ ಮೊದಲಿನಷ್ಟು ಬಲ ಇಲ್ಲ.

ಈಗ ನಿಮ್ಮಲ್ಲಿ ಕೇಳ್ಕೊಳ್ಳೋದು. ಸರ್ಕಾರ ಏನಾದ್ರೂ ಮಾಡಲಿ ಅಂತ ಕಾಯ್ತಾ ಕೂರೋಕೆ ಆಗಲ್ಲ, ನೀವು ನಾಳೆಯಿಂದಲೇ ಮಾಡಬಹುದಾದ್ದು ಒಂದಿದೆ. ಹಳೇ ಟ್ರ್ಯಾಕ್ಟರ್, ಟಿಲ್ಲರ್ ಜಾಹೀರಾತು ತಗೊಳ್ಳೋವಾಗ ನಾಲ್ಕು ಮಾತು ಕೇಳಿ ಸಾರ್, ಮಾದರಿ ಯಾವ ವರ್ಷದ್ದು, ಆರ್‌ಸಿ ಮಾರೋನ ಹೆಸರಲ್ಲೇ ಇದೆಯಾ, ಸಾಲ ಬಾಕಿ ಇದೆಯಾ, ಗಂಟೆ ಮೀಟರ್ ಓಡುತ್ತಾ. ಉತ್ತರ ಕೊಟ್ರೆ ಅದನ್ನೂ ಸೇರಿಸಿ ಹಾಕಿ, ಎರಡು ಸಾಲು ಜಾಸ್ತಿ ಆಗಬಹುದು ಅಷ್ಟೇ. "ಶೋರೂಂ ಕಂಡೀಷನ್" ಅನ್ನೋ ಎರಡು ಪದ ತೆಗೆದ್ರೆ ಅರ್ಧ ಜಾಗ ಅಲ್ಲೇ ಉಳಿಯುತ್ತೆ. ಸುಳ್ಳು ಹೇಳೋನು ಹೇಳೇ ಹೇಳ್ತಾನೆ ಅಂತ ಅನ್ನಬಹುದು, ಆದ್ರೆ ಪತ್ರಿಕೆಯಲ್ಲಿ ಅಚ್ಚಾದ ವರ್ಷ ಒಂದು, ಆರ್‌ಸಿಯಲ್ಲಿ ಇನ್ನೊಂದು ಇದ್ರೆ ತಗೊಳ್ಳೋನ ಕೈಯಲ್ಲಿ ಆ ಪೇಪರ್ ತುಂಡು ಇರುತ್ತಲ್ಲ, ಅಷ್ಟು ಸಾಕು.

ಇನ್ನೊಂದು, ಕೃಷಿ ಇಲಾಖೆಯವರು ಓದಿದ್ರೆ ಅವರಿಗೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಐಟಿಐಗಳಲ್ಲಿ ಮೆಕ್ಯಾನಿಕ್ ಟ್ರ್ಯಾಕ್ಟರ್ ಅಂತ ಒಂದು ವರ್ಷದ ಕೋರ್ಸ್ ಇದೆ, ಓದೋ ಹುಡುಗರಿಗೆ ಕೈಗೆ ಹಳೇ ಗಾಡಿ ಸಿಗಲ್ಲ. ತಿಂಗಳಿಗೊಂದು ದಿನ ಆ ಹುಡುಗರನ್ನ, ಅವರ ಮೇಷ್ಟ್ರನ್ನ ಕೇಂದ್ರಕ್ಕೆ ಕರೆಸಿ, ಹಳೇ ಗಾಡಿ ತಗೊಳ್ಳೋರು ಮಾರೋರು ಇಬ್ಬರೂ ಅಲ್ಲಿಗೆ ತರಲಿ, ಲೋಟ ಹಿಡಿದು ಆಕ್ಸಲ್ ಆಯಿಲ್ ನೋಡೋದು, ಹೈಡ್ರಾಲಿಕ್ ಎತ್ತಿ ಗೆರೆ ಎಳೆಯೋದು, ಬ್ರೇಕ್ ಕೊಂಡಿ ಇದೆಯಾ ನೋಡೋದು, ಅರ್ಧ ಗಂಟೆ ಕೆಲಸ. ನಮ್ಮ ತಾಲೂಕಲ್ಲಿ ಮಾಡಿದ್ರೆ ನಾನು ದುಡ್ಡು ತಗೊಳ್ಳದೆ ಬಂದು ನಿಂತ್ಕೋತೀನಿ, ಸ್ಪಾನರ್ ಸೆಟ್ ನನ್ನದೇ ತರ್ತೀನಿ.

ನಾನು ಕೊಡೋ ಹಾಳೆಯ ಝೆರಾಕ್ಸ್ ಒಂದು ಈ ಪತ್ರದ ಜೊತೆ ಇಟ್ಟಿದೀನಿ, ಹೆಸರು ನಂಬರ್ ಅಳಿಸಿದೀನಿ. ಜಾಗ ಇದ್ರೆ ಹಾಕಿ, ಯಾರು ಬೇಕಾದ್ರೂ ಹಾಗೇ ಬರೆದು ಕೊಡಬಹುದು. ಬಲಗಡೆ ಕೆಳಗೆ "ಬಿಚ್ಚಿಲ್ಲ" ಅಂತ ಬರೆದಿರೋದು ಮಸುಕಾಗಿದೆ, ಅದೇ ಮುಖ್ಯವಾದ ಭಾಗ, ಓದೋಕೆ ಆಗದಿದ್ರೆ ತಿಳಿಸಿ, ಇನ್ನೊಂದು ಕಳಿಸ್ತೀನಿ.

ಇತಿ ನಿಮ್ಮ ಓದುಗ,
ಒಬ್ಬ ಮೆಕಾನಿಕ್, ಚನ್ನಗಿರಿ ತಾಲೂಕು